ಜಗಳ ಬೆಂಗಳೂರಿನದು, ತೀರ್ಪು ದೆಹಲಿಯದು!



ನಾನಿರೋದು ಸಿಯಾಟಲ್ಲಿನ ಫ್ರೀಮಾಂಟ್ ಬಡಾವಣೆಯಲ್ಲಿ. (ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಅಲ್ಲ ಸ್ವಾಮೀ, ಊರಿಂದ ಫೋನ್ ಮಾಡುವವರಿಗೆಲ್ಲ ಇದನ್ನು ಹೇಳಿ ಹೇಳಿ ಸಾಕಾಗಿದೆ!) ನಮ್ಮ ಬಡಾವಣೆಯ ರಸ್ತೆ ಬದಿಯಲ್ಲಿ ಹದಿನಾರು ಅಡಿ ಎತ್ತರದ ಕಂಚಿನ ಲೆನಿನ್ ಪ್ರತಿಮೆ ಇದೆ. ಅಮೆರಿಕದಲ್ಲಿ ಲೆನಿನ್ನಾ ಅಂತ ಹುಬ್ಬೇರಿಸಬೇಡಿ. ಚೆಕೊಸ್ಲೊವಾಕಿಯಾದ ಪೋಪ್ರಾಡ್ ಎಂಬ ಊರಲ್ಲಿದ್ದ ಈ ಪ್ರತಿಮೆ ಅಲ್ಲಿನ ಕಮ್ಯುನಿಸ್ಟ್ ಸರ್ಕಾರ ಬಿದ್ದ ಮೇಲೆ ಗುಜರಿ ಪಾಲಾಗಿತ್ತು. ಈ ಕಡೆಯವರೊಬ್ಬರು ಅದನ್ನು ಕೊಂಡು ತಂದಿದ್ದರಿಂದ 1995ರಲ್ಲಿ ಫ್ರೀಮಾಂಟಿಗೆ ಬಂತು. ಈಗ ಕ್ರಿಸ್‌ಮಸ್ ಬಂದರೆ ಅದಕ್ಕೆ ದೀಪದ ಸರ ಹಾಕುತ್ತಾರೆ. ಈ ಮಹಾಶಯನ ಪಕ್ಷ 1903ರಲ್ಲಿ, ಪಕ್ಷದ ಸದಸ್ಯ ಅಂದರೆ ಯಾರು ಎಂಬ ಒಂದೇ ಸಾಲಿನ ಬಗ್ಗೆ ಸಮ್ಮೇಳನದಲ್ಲಿ ಕಿತ್ತಾಡಿ, ಬೋಲ್ಶೆವಿಕ್ ಮೆನ್ಶೆವಿಕ್ ಅಂತ ಎರಡಾಯಿತು. ಜಗಳ ಕೆಟ್ಟದ್ದೇ. ಆದರೆ ಸಮ್ಮೇಳನದ ಒಳಗೆ ಮಾತಾಡಿ, ಮತ ಹಾಕಿ, ಎಣಿಸಿ ಆಮೇಲೆ ಒಡೆದರು.

2025ರ ನವೆಂಬರ್ ಕೊನೆಯಲ್ಲಿ ಈ ಲೆನಿನ್ ಹತ್ತಿರ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ನನ್ನ ಫೋನ್ ತುಂಬಾ ಒಂದೇ ಸುದ್ದಿ. ಮನೆಯವರ ವಾಟ್ಸಾಪ್, ಇಂಜಿನಿಯರಿಂಗ್ ಗೆಳೆಯರ ವಾಟ್ಸಾಪ್, ಎಲ್ಲ ಕಡೆ ಅದೇ. ಸಿದ್ದರಾಮಯ್ಯನವರ ಸರ್ಕಾರಕ್ಕೆ ಎರಡೂವರೆ ವರ್ಷ ತುಂಬಿತು, ಕುರ್ಚಿ ಡಿ.ಕೆ. ಶಿವಕುಮಾರ್ ಅವರಿಗೆ ಸಿಗುತ್ತೋ ಇಲ್ವೋ? ನವೆಂಬರ್ 29ಕ್ಕೆ ಮುಖ್ಯಮಂತ್ರಿಗಳ 'ಕಾವೇರಿ' ನಿವಾಸದಲ್ಲಿ ಇಬ್ಬರೂ ಕೂತು ತಿಂಡಿ ತಿಂದರು. ಡಿಸೆಂಬರ್ 2ಕ್ಕೆ ಸದಾಶಿವನಗರದ ಮನೆಯಲ್ಲಿ ಇಡ್ಲಿ ಜತೆ ನಾಟಿಕೋಳಿ ಸಾರು. ಟಿವಿಯವರು ಸಾರಿನ ಬಣ್ಣ ಕೂಡ ತೋರಿಸಿದರು. ನಮ್ಮ ವಾಟ್ಸಾಪಿನಲ್ಲಿ ಪಂದ್ಯದ ಸ್ಕೋರ್ ಕೇಳಿದ ಹಾಗೆ "ಏನಾಯ್ತು, ಏನಾಯ್ತು" ಅಂತ ಕೇಳುತ್ತಿದ್ದರು.

ಅದರಲ್ಲಿ ಯಾರು ಸರಿ, ಯಾರಿಗೆ ಕುರ್ಚಿ ಸಲ್ಲಬೇಕು ಅನ್ನೋದು ಇವತ್ತಿನ ನನ್ನ ವಿಷಯ ಅಲ್ಲ. ನನ್ನ ತಕರಾರು ಬೇರೆ. ಏಳು ಕೋಟಿಗೆ ಹತ್ತಿರದ ಜನ ಇರುವ ನಾಡಿನ ಮುಖ್ಯಮಂತ್ರಿ ಯಾರಾಗಬೇಕು ಎಂಬ ಪ್ರಶ್ನೆಗೆ ಎರಡೂ ಕಡೆಯವರು ಕೊಟ್ಟ ಉತ್ತರ ಒಂದೇ: ಹೈಕಮಾಂಡ್ ಹೇಳಿದ ಹಾಗೆ. 2025ರ ಜೂನ್ ಕೊನೆಯಲ್ಲಿ, ಆಗ ಎಐಸಿಸಿ ಅಧ್ಯಕ್ಷರಾಗಿದ್ದ ನಮ್ಮ ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆಯವರೇ ಅದು ಹೈಕಮಾಂಡಿಗೆ ಬಿಟ್ಟ ವಿಷಯ ಎಂಬರ್ಥದ ಮಾತಾಡಿದ್ದರು! ಪಕ್ಷದ ಅಧ್ಯಕ್ಷರಿಗೂ ಮೇಲಿರುವ ಆ ಕಮಾಂಡ್ ಯಾವುದು ಅಂತ ಬಿಜೆಪಿಯವರು ನಕ್ಕರು. ಬಿಜೆಪಿಯವರು ನಕ್ಕಿದ್ದು ನೋಡಿ ನನಗೆ ನಗು ಬಂತು. ಯಾಕೆ ಅಂತ ಮುಂದೆ ಹೇಳ್ತೀನಿ.

ಖರ್ಗೆಯವರು ಆ ಹುದ್ದೆಗೆ ಬಂದದ್ದು ಹೇಗೆ? 2022ರ ಅಕ್ಟೋಬರಿನಲ್ಲಿ ಶಶಿ ತರೂರ್ ಎದುರು ಚುನಾವಣೆ ನಡೆದು, ಇವರಿಗೆ 7897 ಮತ, ಅವರಿಗೆ 1072 ಮತ. ಅಂಕಿ ಎಲ್ಲರಿಗೂ ಗೊತ್ತಾಯಿತು, ಸೋತವರು ಪಕ್ಷದಲ್ಲೇ ಉಳಿದರು, ಯಾರೂ ರೆಸಾರ್ಟಿಗೆ ಹೋಗಲಿಲ್ಲ. ಏಳೇ ತಿಂಗಳ ಮೇಲೆ, 2023ರ ಮೇ 13ಕ್ಕೆ ಕರ್ನಾಟಕದಲ್ಲಿ ಅದೇ ಪಕ್ಷ 135 ಸೀಟು ಗೆದ್ದಿತು. ದೆಹಲಿಯಿಂದ ಬಂದ ವೀಕ್ಷಕರು ಶಾಸಕರ ಅಭಿಪ್ರಾಯವನ್ನು ಗುಟ್ಟಾಗಿ ಪಡೆದು ದೆಹಲಿಗೇ ಒಯ್ದರು. ಯಾರಿಗೆ ಎಷ್ಟು ಮತ ಬಿತ್ತು ಅಂತ ಪ್ರಕಟ ಮಾಡಲಿಲ್ಲ. ಮೇ 18ಕ್ಕೆ ದೆಹಲಿಯಲ್ಲೇ ಹೆಸರು ಘೋಷಣೆ. ಎರಡೂವರೆ ವರ್ಷದ ಒಪ್ಪಂದ ಇತ್ತೋ ಇಲ್ಲವೋ ಎಂಬುದರ ಮೇಲೆ ಮುಂದೆ ನಡೆದ ಎಳೆದಾಟವೆಲ್ಲ ಅವತ್ತು ಎಣಿಕೆ ಬಚ್ಚಿಟ್ಟಿದ್ದರ ಫಲ ಅಂತ ನನ್ನ ಲೆಕ್ಕ. ಸ್ಪೆಕ್ ಬರೆದಿಡದೆ ಕೋಡ್ ಬರೆದರೆ ಏನಾಗುತ್ತೆ ಅಂತ ನಮ್ಮ ವೃತ್ತಿಯವರಿಗೆ ಹೇಳಬೇಕಾಗಿಲ್ಲ!

ಇದು ಹೊಸ ರೋಗ ಅಲ್ಲ. 1969ರ ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪನವರೇ. ಆ ನವೆಂಬರಿಗೆ ಇಂದಿರಾ ಗಾಂಧಿಯವರನ್ನೇ ಪಕ್ಷದಿಂದ ಹೊರಹಾಕಿದರು. ಪಕ್ಷ ಎರಡಾಯಿತು, ಗೆದ್ದದ್ದು ಇಂದಿರಾ. ಇಲ್ಲಿ ವೀರೇಂದ್ರ ಪಾಟೀಲರ ಸರ್ಕಾರ 1971ರಲ್ಲಿ ಉರುಳಿತು. ಮುಂದೆ ದೇವರಾಜ ಅರಸರು ಬಂದರು, ಭೂಸುಧಾರಣೆ ಮಾಡಿದರು, ಹಿಂದುಳಿದವರನ್ನು ಮೇಲೆ ತಂದರು, 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಅವರನ್ನು ಗೆಲ್ಲಿಸಿ ಕಳಿಸಿದರು. ಮರುವರ್ಷ ಅವರನ್ನೇ ಪಕ್ಷದಿಂದ ಹೊರಗಟ್ಟಲಾಯಿತು! ಶಾಸಕರಲ್ಲಿ ಬಹಳಷ್ಟು ಜನ ಮೊದಲು ಅರಸರ ಜತೆಗೇ ನಿಂತರು ನಿಜ. ಆದರೆ 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ 28ರಲ್ಲಿ 27 ಗೆದ್ದ ಕೂಡಲೇ ಅದೇ ಶಾಸಕರು ಆ ಕಡೆ ಜಿಗಿದರು, ಗುಂಡೂರಾಯರು ಮುಖ್ಯಮಂತ್ರಿ ಆದರು.

ವೀರೇಂದ್ರ ಪಾಟೀಲರ ಎರಡನೇ ಸರದಿಯಂತೂ ಕನ್ನಡಿಗರು ಮರೆಯಬಾರದ್ದು. 1989ರಲ್ಲಿ 224ಕ್ಕೆ 178 ಸೀಟು ಗೆಲ್ಲಿಸಿಕೊಟ್ಟ ಮನುಷ್ಯ. 1990ರ ಅಕ್ಟೋಬರಿನಲ್ಲಿ ಕಾಯಿಲೆ ಬಿದ್ದಿದ್ದಾಗ, ರಾಜೀವ್ ಗಾಂಧಿ ಬಂದು ನೋಡಿಕೊಂಡು, ವಾಪಸ್ ಹೋಗುವ ದಾರಿಯಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲೇ ನಾಯಕತ್ವ ಬದಲಾವಣೆ ಅಂತ ಹೇಳಿ ವಿಮಾನ ಹತ್ತಿದರು. ಬಂಗಾರಪ್ಪ ಬಂದರು. ಕಾವೇರಿ ವಿಷಯದಲ್ಲಿ 1991ರಲ್ಲಿ ಸುಗ್ರೀವಾಜ್ಞೆ ತಂದು ನಿಂತ ಗಟ್ಟಿ ಆಳು, ಅವರನ್ನೂ 1992ರಲ್ಲಿ ಇಳಿಸಿ ವೀರಪ್ಪ ಮೊಯಿಲಿಯವರನ್ನು ಕೂರಿಸಿದರು. ಐದು ವರ್ಷಕ್ಕೆ ಮೂರು ಮುಖ್ಯಮಂತ್ರಿಗಳು. 1994ರಲ್ಲಿ 178 ಸೀಟಿನ ಪಕ್ಷ 34ಕ್ಕೆ ಬಂತು!

ಈಗ ಬಿಜೆಪಿಯವರು ನಕ್ಕ ವಿಷಯಕ್ಕೆ ಬರೋಣ. 2008ರಲ್ಲಿ 110 ಸೀಟು, ಐದು ವರ್ಷಕ್ಕೆ ಅದೇ ಮೂರು ಮುಖ್ಯಮಂತ್ರಿಗಳು, ಯಡಿಯೂರಪ್ಪನವರು ಹೊರಗೆ ಹೋಗಿ ಕೆಜೆಪಿ ಕಟ್ಟಿದ್ದು, 2013ರಲ್ಲಿ 40ಕ್ಕೆ ಕುಸಿದಿದ್ದು. 2021ರ ಜುಲೈ 26ಕ್ಕೆ, ಸರ್ಕಾರದ ಎರಡನೇ ವರ್ಷದ ಸಮಾರಂಭದಲ್ಲೇ ಯಡಿಯೂರಪ್ಪನವರು ಕಣ್ಣೀರು ಹಾಕುತ್ತ ರಾಜೀನಾಮೆ ಹೇಳಿದರು. ದೆಹಲಿಯಿಂದ ವೀಕ್ಷಕರು ಬಂದರು, ಬಸವರಾಜ ಬೊಮ್ಮಾಯಿಯವರ ಹೆಸರು ಹೊರಬಿತ್ತು. 2023ರಲ್ಲಿ ಸೋತ ಮೇಲಂತೂ ವಿರೋಧ ಪಕ್ಷದ ನಾಯಕನನ್ನು ಹೆಸರಿಸಲಿಕ್ಕೆ ಆರು ತಿಂಗಳು ಬೇಕಾಯಿತು. ಜುಲೈನ ಬಜೆಟ್ ಅಧಿವೇಶನ ವಿರೋಧ ಪಕ್ಷದ ನಾಯಕನಿಲ್ಲದೆ ನಡೆದುಹೋಯಿತು. ಆರ್. ಅಶೋಕ್ ಹೆಸರು ಬಂದದ್ದು ನವೆಂಬರ್ 17ಕ್ಕೆ. 66 ಜನ ಶಾಸಕರು ಒಂದು ಮಧ್ಯಾಹ್ನ ಚೀಟಿ ಹಾಕಿದ್ದರೆ ಮುಗಿಯುತ್ತಿದ್ದ ಕೆಲಸ ಇದು. ಕೈಯಾದರೇನು, ಕಮಲವಾದರೇನು, ಲಕೋಟೆ ಬರುವ ಊರು ಒಂದೇ.

ಈ ಬಡಿದಾಟದ ಬೆಲೆ ಏನು ಅಂತ ನನಗೆ ಗೊತ್ತಾದದ್ದು 2009ರಲ್ಲಿ. ಆಗ ನಾನು ಬಾಗಲಕೋಟೆ ಕಡೆ ಇಂಜಿನಿಯರಿಂಗ್ ಮೂರನೇ ವರ್ಷ. ನಮ್ಮ ಅಜ್ಜಿಯ ಊರು ಮಲಪ್ರಭಾ ದಂಡೆಯಲ್ಲಿತ್ತು. ಸೆಪ್ಟೆಂಬರ್ ಕೊನೆಗೆ ಶುರುವಾದ ಮಳೆ ಅಕ್ಟೋಬರ್ ಮೊದಲ ವಾರದ ತನಕ ಸುರಿಯಿತು. ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಲಕ್ಷಗಟ್ಟಲೆ ಮನೆ ಬಿದ್ದವು. ಅಜ್ಜಿಯ ಮಣ್ಣಿನ ಮಾಳಿಗೆ ಮನೆ ಒಂದೇ ರಾತ್ರಿಗೆ ಕೂತುಹೋಯಿತು. ಜೋಳದ ಹಗೇವಿಗೆ ನೀರು ನುಗ್ಗಿತು. ಅವ್ವ, ಅಪ್ಪ, ನಾನು ಹೋಗುವಷ್ಟರಲ್ಲಿ ಅಜ್ಜಿ ಊರ ಶಾಲೆಯಲ್ಲಿ, ಒಂದು ಕೊಡ, ಒಂದು ಕೌದಿ ಇಟ್ಟುಕೊಂಡು ಕೂತಿದ್ದಳು. ಮನೆಗೆ ಬಾ ಅಂದರೆ ಬರಲಿಲ್ಲ, ಹೆಸರು ಬರ್ಕೊಳ್ಳಾಕ ಬಂದಾಗ ನಾ ಇಲ್ಲಂದ್ರ ಹೆಂಗ ಅಂತ.

ಆ ತಿಂಗಳ ಕೊನೆಗೆ ಏನಾಯಿತು ನೆನಪಿದೆಯಾ? ಬಳ್ಳಾರಿಯ ರೆಡ್ಡಿ ಸಹೋದರರ ಬಣ ಯಡಿಯೂರಪ್ಪನವರ ವಿರುದ್ಧ ಎದ್ದಿತು. ಜಗದೀಶ ಶೆಟ್ಟರ್ ಅವರನ್ನು ಮುಖ್ಯಮಂತ್ರಿ ಮಾಡಬೇಕು ಅಂತ ಪಟ್ಟು. ಶಾಸಕರು ಹೈದರಾಬಾದಿಗೆ, ಗೋವಾಕ್ಕೆ ಹೋಗಿ ಹೋಟೆಲು ರೆಸಾರ್ಟು ಸೇರಿದರು. ಹಾಸ್ಟೆಲಿನ ಟಿವಿಯಲ್ಲಿ ಒಂದು ಚಾನೆಲಿನಲ್ಲಿ ಕೆಸರಲ್ಲಿ ಹುಗಿದ ಊರು, ಇನ್ನೊಂದರಲ್ಲಿ ರೆಸಾರ್ಟಿನ ಗೇಟು. ಮುಖ್ಯಮಂತ್ರಿಗಳು ಟಿವಿ ಮುಂದೆ ಅತ್ತರು. ಸುಮಾರು ಎರಡು ವಾರ ರಾಜ್ಯದ ದೊಡ್ಡವರೆಲ್ಲ ದೆಹಲಿಗೆ ಹೋಗಿ ಬಂದು ಮಾಡಿದರು. ಕಡೆಗೆ ದೆಹಲಿಯಲ್ಲೇ ರಾಜಿ. ಶೋಭಾ ಕರಂದ್ಲಾಜೆ ಸಂಪುಟ ಬಿಟ್ಟರು, ಸ್ಪೀಕರ್ ಆಗಿದ್ದ ಶೆಟ್ಟರ್ ಮಂತ್ರಿಯಾದರು. ನಾನು ವಾರಕ್ಕೊಮ್ಮೆ ಅಜ್ಜಿಯನ್ನು ನೋಡಲಿಕ್ಕೆ ಹೋಗುತ್ತಿದ್ದೆ. ಅಷ್ಟರಲ್ಲಿ ಅವಳು ತಗಡಿನ ಶೆಡ್ಡಿನಲ್ಲಿದ್ದಳು. ಬಸ್ಸಿಂದ ಇಳಿದು ಬಂದವನಿಗೆ ಮೊದಲು ಕೇಳುತ್ತಿದ್ದುದು ಒಂದೇ: "ಅವ್ರ ಜಗಳಾ ಹರೀತೇನೋ ತಮ್ಮಾ?" ಜಗಳ ಹರಿಯದೆ ತನ್ನ ಸರದಿ ಬರಲ್ಲ ಅಂತ ಯಾರೂ ಹೇಳಿಕೊಡದೆ ಅವಳಿಗೆ ಗೊತ್ತಿತ್ತು.

ಹಾಗಾದರೆ ಜಗಳವೇ ಬೇಡವಾ? ಹಾಗಲ್ಲ. ಮುಖ್ಯಮಂತ್ರಿ ಆಗಬೇಕು ಅಂತ ಆಸೆ ಪಡೋದು ಪಾಪ ಅಲ್ಲ, ಇರುವವರನ್ನು ಪ್ರಶ್ನಿಸೋದು ದ್ರೋಹ ಅಲ್ಲ. ಆ ಆಸೆಗೆ, ಆ ಪ್ರಶ್ನೆಗೆ ಪಕ್ಷದೊಳಗೆ ನೇರ ಬಾಗಿಲು ಇಲ್ಲ, ಅದಕ್ಕೇ ಕಿಟಕಿ ಹಾರುತ್ತಾರೆ. 1985ರ ಪಕ್ಷಾಂತರ ನಿಷೇಧ ಕಾನೂನು ಇನ್ನೊಂದು ಬೀಗ ಹಾಕಿತು. ಸದನದಲ್ಲಿ ವಿಪ್ ಮೀರಿ ಮತ ಹಾಕಿದರೆ ಶಾಸಕತ್ವವೇ ಹೋಗುತ್ತೆ. ಸದನದಲ್ಲಿ ಬಾಯಿ ಬಿಡುವಂತಿಲ್ಲ, ಪಕ್ಷದಲ್ಲಿ ಮತ ಇಲ್ಲ, ಉಳಿದದ್ದು ರೆಸಾರ್ಟು! ಪಕ್ಷಗಳಿಗೆ ತಮ್ಮದೇ ಸಂವಿಧಾನ, ಒಳಚುನಾವಣೆಯ ನಿಯಮ ಕಾಗದದ ಮೇಲೆ ಇವೆ, ಚುನಾವಣಾ ಆಯೋಗಕ್ಕೆ ಕೊಟ್ಟೂ ಇರುತ್ತಾರೆ. ಅದನ್ನು ಪಾಲಿಸದಿದ್ದರೆ ಆಯೋಗ ಪಕ್ಷದ ನೋಂದಣಿ ರದ್ದು ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ.

ನೇರ ಬಾಗಿಲು ಹೇಗಿರುತ್ತೆ ಅಂತ ನಾನು ನೋಡಿದ್ದು ಇಲ್ಲಿ, ಸಿಯಾಟಲ್ಲಿನಲ್ಲಿ. 2016ರ ಮಾರ್ಚ್ 26, ಶನಿವಾರ ಬೆಳಗ್ಗೆ. ವಾಷಿಂಗ್ಟನ್ ರಾಜ್ಯದ ಡೆಮಾಕ್ರಟಿಕ್ ಪಕ್ಷದ ಕಾಕಸ್. ವೀಸಾದ ಮೇಲೆ ಬಂದವನು, ನನಗೇನೂ ಮತ ಇಲ್ಲ, ಪಕ್ಕದ ಮನೆಯವರು ಸುಮ್ಮನೆ ನೋಡು ಬಾ ಅಂತ ಕರೆದುಕೊಂಡು ಹೋದರು. ಒಂದು ಶಾಲೆಯ ಊಟದ ಹಾಲ್. ನಾಕಾರು ಬೀದಿಗೆ ಒಂದು ಮೇಜು. ಬಂದವರು ಹಾಳೆಯಲ್ಲಿ ಹೆಸರು ಬರೆದು, ಯಾರ ಪರ ಅಂತ ಬರೆದರು. ಮೊದಲ ಎಣಿಕೆ, ಆಮೇಲೆ ಒಬ್ಬೊಬ್ಬರಿಗೆ ಒಂದು ನಿಮಿಷ ಮಾತು, ಮತ್ತೆ ಎಣಿಕೆ. ನಮ್ಮ ಮೇಜಿನ ತುಂಬಾ ಸ್ಯಾಂಡರ್ಸ್ ಕಡೆಯವರು. ಒಬ್ಬ ಅಜ್ಜಿ ಎದ್ದು ನಿಂತು ಹಿಲರಿ ಕ್ಲಿಂಟನ್ ಪರವಾಗಿ ಮಾತಾಡಿದರು. ಎಲ್ಲರೂ ಕೇಳಿದರು, ಚಪ್ಪಾಳೆ ತಟ್ಟಿದರು, ಮತ ಮಾತ್ರ ಯಾರೂ ಬದಲಿಸಲಿಲ್ಲ! ಆಕೆ ನಕ್ಕು, ಮುಗಿದ ಮೇಲೆ ಕುರ್ಚಿ ಜೋಡಿಸಲಿಕ್ಕೆ ಕೈ ಕೊಟ್ಟು ಹೋದರು.

ಅಮೆರಿಕದವರದ್ದೆಲ್ಲ ಬಂಗಾರ ಅಂತ ಹೇಳುತ್ತಿಲ್ಲ. ಆ ಕಾಕಸ್ಸಿಗೆ ಬಂದವರು ರಾಜ್ಯದಲ್ಲೆಲ್ಲ ಸೇರಿ ಎರಡು ಲಕ್ಷ ಚಿಲ್ಲರೆ. ಮೇ ತಿಂಗಳಲ್ಲಿ ಅಂಚೆ ಮೂಲಕ ನಡೆದ, ಲೆಕ್ಕಕ್ಕೆ ಹಿಡಿಯದ ಮತದಾನದಲ್ಲಿ ಎಂಟು ಲಕ್ಷದಷ್ಟು ಡೆಮಾಕ್ರಟಿಕ್ ಮತ ಬಿದ್ದು, ಗೆದ್ದದ್ದು ಹಿಲರಿ. ಶನಿವಾರವೂ ದುಡಿಯುವವರು ಅರ್ಧ ದಿನ ಎಲ್ಲಿಂದ ತರಬೇಕು? ತಪ್ಪು ಗೊತ್ತಾಗಿ 2020ರಿಂದ ಪಕ್ಷವೇ ಕಾಕಸ್ ಬಿಟ್ಟು ಪ್ರೈಮರಿಗೆ ಬಂತು. ಸದಸ್ಯರ ಮತ ಅಂದ ಕೂಡಲೇ ಒಳ್ಳೆಯವರೇ ಆರಿಸಿ ಬರ್ತಾರೆ ಅಂತಲೂ ಇಲ್ಲ. 2022ರಲ್ಲಿ ಬ್ರಿಟನ್ನಿನ ಕನ್ಸರ್ವೇಟಿವ್ ಸದಸ್ಯರು ನಮ್ಮ ಬೆಂಗಳೂರಿನ ಅಳಿಯ ರಿಷಿ ಸುನಕ್ ಅವರನ್ನು ಬಿಟ್ಟು ಲಿಜ್ ಟ್ರಸ್ ಅವರನ್ನು ಆರಿಸಿದರು, ಆಕೆ ಐವತ್ತು ದಿನವೂ ಬಾಳಲಿಲ್ಲ. ಆದರೆ ತಪ್ಪು ಮಾಡಿದವರು ಯಾರು, ಎಷ್ಟು ಮತದಿಂದ ಅಂತ ಎಲ್ಲರಿಗೂ ಗೊತ್ತಿತ್ತು. ನಮ್ಮಲ್ಲಿ ತಪ್ಪು ಯಾರದ್ದು ಅಂತಲೇ ಗೊತ್ತಾಗಲ್ಲ, ಲಕೋಟೆಗೆ ಬೈಯಲಿಕ್ಕಾಗುತ್ತಾ?

"ದೆಹಲಿ ಪಕ್ಷಗಳ ಹಣೆಬರಹವೇ ಇಷ್ಟು, ನಮಗೆ ನಮ್ಮದೇ ಪ್ರಾದೇಶಿಕ ಪಕ್ಷ ಬೇಕು" ಅಂತ ನಿಮ್ಮಲ್ಲಿ ಬಹಳ ಜನ ಹೇಳ್ತೀರಿ. ನಾನೂ ಹೇಳ್ತಾ ಇದ್ದೆ, ಈಗಲೂ ಅರ್ಧ ಮನಸ್ಸಿಂದ ಹೇಳ್ತೀನಿ. 1995ರಲ್ಲಿ ಆಂಧ್ರದಲ್ಲಿ ಚಂದ್ರಬಾಬು ನಾಯ್ಡು ಮಾವ ಎನ್‌ಟಿಆರ್ ಅವರನ್ನೇ ಇಳಿಸಿದ ಜಗಳ ಎಷ್ಟೇ ಅಸಹ್ಯವಾಗಿರಲಿ, ಅದು ಹೈದರಾಬಾದಿನಲ್ಲೇ ತೀರ್ಮಾನ ಆಯಿತು. ಆದರೆ ನಮ್ಮ ಜನತಾ ಪರಿವಾರದ ಕತೆ ನೋಡಿ. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಕೈಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. 1989ರ ಏಪ್ರಿಲಿನಲ್ಲಿ ಎಸ್.ಆರ್. ಬೊಮ್ಮಾಯಿಯವರ ಸರ್ಕಾರ ವಜಾ ಆದಾಗ ನೆಪ ಒದಗಿಸಿದ್ದು ಸ್ವಂತ ಪಕ್ಷದ ಶಾಸಕರೇ, 19 ಜನರ ಬೆಂಬಲ ವಾಪಸ್ ಅಂತ ಒಬ್ಬರು ರಾಜ್ಯಪಾಲರಿಗೆ ಪತ್ರಗಳನ್ನು ಕೊಟ್ಟರು. ಬಹುಮತ ತೀರ್ಮಾನ ಆಗಬೇಕಾದ್ದು ಸದನದಲ್ಲಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1994ರಲ್ಲಿ. ಇಡೀ ದೇಶಕ್ಕೆ ಉಪಕಾರ ಆಯಿತು, ಬೊಮ್ಮಾಯಿಯವರಿಗೆ ಕುರ್ಚಿ ವಾಪಸ್ ಬರಲಿಲ್ಲ. ಅದೇ ವರ್ಷ ಜನತಾದಳ 115 ಗೆದ್ದಿತು. 1996ರಲ್ಲಿ ದೇವೇಗೌಡರು ಪ್ರಧಾನಿ, ಅದೇ ತಿಂಗಳು ಹೆಗಡೆಯವರು ಪಕ್ಷದಿಂದ ಹೊರಗೆ! ಕನ್ನಡಿಗನೊಬ್ಬ ಮೊದಲ ಸಲ ದೇಶದ ಪ್ರಧಾನಿ ಆದ ಗಳಿಗೆಯನ್ನೂ ನಾವು ಒಟ್ಟಾಗಿ ಅನುಭವಿಸಲಿಲ್ಲ. 1999ಕ್ಕೆ ದಳ ಎರಡು ಹೋಳಾಗಿ ಒಂದಕ್ಕೆ 18, ಇನ್ನೊಂದಕ್ಕೆ 10. ಉಳಿದ ಹೋಳು 2005ರಲ್ಲಿ ಸಿದ್ದರಾಮಯ್ಯನವರನ್ನು ಹೊರಹಾಕಿತು. 2023ರಲ್ಲಿ ಬಿಜೆಪಿ ಜತೆ ಮೈತ್ರಿ ಬೇಡ ಅಂದ ರಾಜ್ಯಾಧ್ಯಕ್ಷ ಸಿ.ಎಂ. ಇಬ್ರಾಹಿಂ ಅವರನ್ನು ತೆಗೆದು ಹಾಕಿತು. ಅಲ್ಲಿ ದೆಹಲಿ ಇಲ್ಲ, ಸರಿ. ಆದರೆ ಹೈಕಮಾಂಡ್ ಒಂದು ಮನೆಯ ಹಜಾರದಲ್ಲಿದೆ. ಸದಸ್ಯರ ಮತ ಇಲ್ಲದ ಪ್ರಾದೇಶಿಕ ಪಕ್ಷ ಅಂದರೆ ಲಕೋಟೆಯ ಅಂಚೆ ಖರ್ಚು ಉಳಿದ ಹಾಗೆ, ಅಷ್ಟೇ.

ಬೇರೆಯವರ ಬಗ್ಗೆ ಇಷ್ಟು ಬರೆದು ನನ್ನದನ್ನು ಮುಚ್ಚಿಟ್ಟರೆ ಸರಿ ಹೋಗಲ್ಲ. ಈ ದೇಶಕ್ಕೆ ಬಂದ ಹೊಸದರಲ್ಲಿ ನಾನು ಬೇರೊಂದು ಊರಲ್ಲಿದ್ದೆ. ಅಲ್ಲಿನ ಕನ್ನಡ ಸಂಘಕ್ಕೆ ಸೇರಿ, ಭಾನುವಾರ ಲೈಬ್ರರಿಯ ಕೋಣೆಯಲ್ಲಿ ಹದಿನಾಲ್ಕು ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತಿದ್ದೆ. ಅಧ್ಯಕ್ಷರು ಮೂರನೇ ಸಲ ನಿಲ್ಲಬಹುದೇ ಬೇಡವೇ ಅಂತ ಜಗಳ ಎದ್ದಿತು. ಬೈಲಾದಲ್ಲಿ ಚುನಾವಣೆ ಅಂತ ಇತ್ತು, ಅಲ್ಲಿಯ ತನಕ ಯಾರೂ ನಡೆಸಿರಲಿಲ್ಲ, ಹಿರಿಯರು ನಾಕು ಜನ ಯಾರ ಮನೆಯಲ್ಲೋ ಕಾಫಿ ಕುಡಿದು ಹೆಸರು ಹೇಳುತ್ತಿದ್ದರು! ನಾನು ಯಾರ ಕಡೆ ಹೋದೆ? ಯಾರು ಸರಿ ಅಂತ ಯೋಚಿಸಲೇ ಇಲ್ಲ, ನಮ್ಮ ಜಿಲ್ಲೆಯವರು ಇದ್ದ ಕಡೆ ಹೋದೆ. ಆ ನವೆಂಬರಿನಲ್ಲಿ ಒಂದೇ ಶನಿವಾರ ಎರಡು ರಾಜ್ಯೋತ್ಸವ, ಎರಡು ಹಾಲ್, ಎರಡು ಕಡೆ ಬಿಸಿಬೇಳೆಬಾತ್ ಮಿಕ್ಕಿತು. ಲೈಬ್ರರಿ ಕೋಣೆ ಸಂಘದ ಹೆಸರಲ್ಲಿತ್ತು, ಸಂಘ ಯಾರದ್ದು ಅಂತ ತೀರ್ಮಾನ ಆಗದೆ ಕೋಣೆಯೂ ಹೋಯಿತು. ಮಕ್ಕಳು 'ಣ' ತನಕ ಬಂದಿದ್ದರು. ಅವರಲ್ಲಿ ಒಂದು ಹುಡುಗಿಯ ಅಮ್ಮ ಅಂಗಡಿಯಲ್ಲಿ ಸಿಕ್ಕು, "ಕ್ಲಾಸು ಯಾವಾಗ ಸರ್?" ಅಂದಾಗ, ಇದೊಂದು ಜಗಳ ಮುಗೀಲಿ ಮೇಡಂ ಅಂದೆ. ಅಂದ ಮೇಲೆ ನಮ್ಮಜ್ಜಿಯ ತಗಡಿನ ಶೆಡ್ಡು ನೆನಪಾಯಿತು.

ಹಾಗಾಗಿ ಈಗ ಒಂದು ಚಾಳಿ ಹಿಡಿದಿದ್ದೇನೆ. ನಾಡಿನ ರಾಜಕಾರಣಿಗಳು ಅಮೆರಿಕಕ್ಕೆ ಬರುತ್ತಲೇ ಇರುತ್ತಾರಲ್ಲ, ಬಂಡವಾಳ ಅಂತಲೋ, ಸಮ್ಮೇಳನ ಅಂತಲೋ. ನಾವೂ ಶಾಲು ಹೊದಿಸಿ, ಸೆಲ್ಫಿ ತೆಗೆದು, ರಸ್ತೆ ಗುಂಡಿ ಬಗ್ಗೆ ಎರಡು ಮಾತು ಕೇಳಿ ಕಳಿಸುತ್ತೇವೆ. ನಾನು ಮಾತ್ರ ಎಲ್ಲ ಪಕ್ಷದವರಿಗೂ ಒಂದೇ ಪ್ರಶ್ನೆ ಕೇಳುತ್ತೇನೆ: ನಿಮ್ಮ ತಾಲ್ಲೂಕಿನ ಪಕ್ಷದ ಅಧ್ಯಕ್ಷರನ್ನು ಯಾರು ಆರಿಸಿದರು, ಎಷ್ಟು ಮತ ಬಿತ್ತು? ನೀವೂ ಕೇಳಿ. ಮುಖ್ಯಮಂತ್ರಿ ಕುರ್ಚಿಯ ಬಗ್ಗೆ ಕೇಳಿದರೆ ನಕ್ಕು ಜಾರಿಕೊಳ್ಳುತ್ತಾರೆ, ತಾಲ್ಲೂಕು ಅಂದರೆ ಸ್ವಲ್ಪ ಹೊತ್ತು ಯೋಚಿಸುತ್ತಾರೆ, ಯಾಕಂದರೆ ಅದನ್ನು ಯಾರೂ ಕೇಳಿರಲ್ಲ.

ಹೋದ ಸಲ ಹಾಗೆ ಕೇಳಿದ್ದು ಒಬ್ಬ ಮಾಜಿ ಮಂತ್ರಿಗಳಿಗೆ, ಗೆಳೆಯರ ಮನೆಯ ಊಟದಲ್ಲಿ. ಪಕ್ಷ ಯಾವುದು ಅಂತ ಹೇಳಲ್ಲ, ಯಾವುದಾದರೂ ಆಗಬಹುದು. ತಟ್ಟೆ ಹಿಡಿದವರು ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ನನ್ನ ಹೆಗಲ ಮೇಲೆ ಕೈ ಹಾಕಿ, "ಮತಾನಾ? ಅದೆಲ್ಲ ಮೇಲಿನೋರು ನೋಡ್ಕೊತಾರೆ ಬಿಡಿ ಸರ್. ನೀವು ಊಟ ಮಾಡಿ, ಸಾರು ಆರೋಗುತ್ತೆ" ಅಂದರು.